ಮಗಳ ಜೊತೆಗೊಬ್ಬರು ಬೇಕೆಂದು ಕೇಳಿದ್ದು

ಮಗಳು ಮೂರನೇ ತರಗತಿಗೆ ಬಂದ ವರ್ಷ ನನ್ನ ಹೆಂಡತಿಯ ಬೆನ್ನು ಕೈಕೊಟ್ಟಿತು. ಅಲ್ಲಿಯವರೆಗೆ ಮಗಳ ಶಾಲೆ ನಡೆದದ್ದೇ ಆ ಬೆನ್ನಿನ ಮೇಲೆ. ಬಸವಕಲ್ಯಾಣದಲ್ಲಿ ನಮ್ಮ ಮನೆಯಿಂದ ಸರ್ಕಾರಿ ಪ್ರಾಥಮಿಕ ಶಾಲೆ ದೂರವೇನಲ್ಲ, ಎರಡು ಓಣಿ ದಾಟಿದರೆ ಬಂತು. ಆದರೆ ಮಗಳಿಗೆ ಹುಟ್ಟುವಾಗಲೇ ಮೆದುಳಿಗೆ ಪೆಟ್ಟಾಗಿ ಬಲಗಾಲು, ಬಲಗೈ ಎರಡೂ ಬಿಗಿ. ಮಾತು ಬರುತ್ತದೆ, ಆದರೆ ತೊದಲು, ಅಭ್ಯಾಸವಿಲ್ಲದವರಿಗೆ ಅರ್ಥವಾಗುವುದಿಲ್ಲ. ಹೆಂಡತಿ ಅವಳನ್ನು ಅರ್ಧ ದಾರಿ ನಡೆಸಿ, ಅರ್ಧ ದಾರಿ ಎತ್ತಿಕೊಂಡು ಒಯ್ಯುತ್ತಿದ್ದಳು. ದಿನವಿಡೀ ಶಾಲೆಯ ವರಾಂಡದಲ್ಲಿ ಕೂತು, ಹೊತ್ತು ಹೊತ್ತಿಗೆ ಪಾಯಖಾನೆಗೆ ಕರೆದೊಯ್ದು, ಬಟ್ಟೆ ಒದ್ದೆಯಾದರೆ ಬದಲಿಸಿ, ಸಂಜೆ ಮತ್ತೆ ಕರೆತರುತ್ತಿದ್ದಳು. ನಾನು ಹುಲಸೂರಿನ ಕಡೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಮಾಸ್ತರ. ಬೆಳಿಗ್ಗೆ ಬಸ್ಸು ಹಿಡಿದು ಹೋದರೆ ಸಂಜೆಯೇ ಮನೆ. ಊರಿನ ಮಕ್ಕಳಿಗೆಲ್ಲ ನಾನು ಪಾಠ ಹೇಳುತ್ತಿದ್ದೆ, ನನ್ನ ಮಗಳ ಓದೆಲ್ಲ ಹೆಂಡತಿಯ ಪಾಲಿಗೆ ಬಿಟ್ಟಿದ್ದೆ.

ಸೋಲಾಪುರದ ಡಾಕ್ಟರು ಎಕ್ಸ್‌ರೇ ಫಿಲ್ಮ್ ಹಿಡಿದು ನೋಡಿ, ಇನ್ನು ಮುಂದೆ ತುಂಬಿದ ಕೊಡವನ್ನೂ ಎತ್ತಬಾರದು ಎಂದರು. ಮಗಳು ಮನೆಯಲ್ಲಿ ಉಳಿದಳು. ಶಾಲೆಯ ಹೊತ್ತಿಗೆ ಸರಿಯಾಗಿ ಚೀಲ ಹಾಕಿಕೊಂಡು ಬಾಗಿಲಲ್ಲಿ ಕೂರುತ್ತಿದ್ದಳು. ಓಣಿಯ ಹುಡುಗಿಯರು ಹೋಗುವುದನ್ನು ನೋಡುತ್ತಿದ್ದಳು. ಅಳುತ್ತಿರಲಿಲ್ಲ. ಮಧ್ಯಾಹ್ನದ ತನಕ ಚೀಲ ಇಳಿಸುತ್ತಲೂ ಇರಲಿಲ್ಲ.

ನಾನು ಒಂದು ಶನಿವಾರ ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯಿನಿಯನ್ನು ಕಂಡೆ. ನಮ್ಮ ಓಣಿಯಲ್ಲಿ ಒಬ್ಬ ಹೆಂಗಸಿದ್ದಾಳೆ, ನಾನೇ ಕೈಯಿಂದ ಏನಾದರೂ ಕೊಟ್ಟು ಮಗಳ ಜೊತೆ ಕೂರಿಸುತ್ತೇನೆ ಎಂದೆ. ಅವರು ಒಪ್ಪಲಿಲ್ಲ. ಹೊರಗಿನವರನ್ನು ಹಾಗೆಲ್ಲ ದಿನವಿಡೀ ಶಾಲೆಯೊಳಗೆ ಬಿಡಲಾಗದು, ನಾಳೆ ಏನಾದರೂ ಆದರೆ ಉತ್ತರ ಹೇಳಬೇಕಾದವಳು ನಾನು ಎಂದರು. ಇಂಥ ಮಕ್ಕಳನ್ನು ಶಾಲೆಗೆ ಕರೆತಂದು ಜೊತೆಗಿರುವವರಿಗೆಂದು ಸರ್ಕಾರ ಬೆಂಗಾವಲು ಭತ್ಯೆ ಕೊಡುತ್ತದಲ್ಲ, ಅದರಲ್ಲಿ ಮಂಜೂರಿ ಮಾಡಿಸಿಕೊಂಡು ಬನ್ನಿ, ಆಗ ಆ ಹೆಂಗಸು ಶಾಲೆಯ ಲೆಕ್ಕಕ್ಕೇ ಬರುತ್ತಾಳೆ, ಯಾರೂ ಕೇಳುವುದಿಲ್ಲ ಎಂದರು. ಕೊನೆಗೆ, ನನ್ನ ಮುಖ ನೋಡದೆ, ಇನ್ನೊಂದು ಮಾತು ಸೇರಿಸಿದರು.

"ಇಲ್ಲಾಂದ್ರ ಮನಿಗೇ ಬಂದು ಕಲಸೋ ಸೌಲತ್ತೂ ಅದರಿ ಸರ್. ವಾರಕ್ಕೊಮ್ಮೆ ಬರ್ತಾರ. ನಿಮಗೂ ತಕಲೀಫ್ ಇಲ್ಲ, ನಮಗೂ ಇಲ್ಲ."

ಮನೆಗೆ ಬಂದು ಹೇಳಿದಾಗ ಹೆಂಡತಿ ಮಲಗಿದ್ದಲ್ಲಿಂದಲೇ ಕೇಳಿದಳು. "ಪಾಠ ನೀವೂ ಹೇಳ್ತೀರಿ, ನಾನೂ ಹೇಳ್ತೀನಿ. ಆಕಿಗಿ ಬೇಕಾಗಿದ್ದು ಹುಡುಗ್ಯಾರು. ಅವ್ರು ವಾರಕ್ಕೊಮ್ಮೆ ಮನಿಗಿ ಬರ್ತಾರೇನು?"

ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ನಾನು ಬಹಳ ವರ್ಷಗಳಿಂದ ಹೋಗುತ್ತಿದ್ದೆ. ಬಡ್ತಿ, ರಜೆ, ತರಬೇತಿ ಎಂದು ಹೋದಾಗಲೆಲ್ಲ ಕುರ್ಚಿ ಕೊಡುತ್ತಿದ್ದರು, ಚಹಾ ಬರುತ್ತಿತ್ತು. ಈ ಸಲವೂ ಕುರ್ಚಿ ಕೊಟ್ಟರು. ಬಂದ ಕೆಲಸ ಹೇಳುತ್ತಿದ್ದಂತೆ ಎದುರಿನವರ ಮುಖದಲ್ಲಿದ್ದ ಗೌರವ ಸ್ವಲ್ಪ ಸಡಿಲವಾಯಿತು. ಅಲ್ಲಿಯವರೆಗೆ ನನಗೊಬ್ಬ ಮಗಳಿದ್ದಾಳೆ ಎಂಬುದಷ್ಟೇ ಅವರಿಗೆ ಗೊತ್ತಿತ್ತು. ಹೇಗಿದ್ದಾಳೆ ಎಂದು ನಾನಾಗಿ ಹೇಳಿರಲಿಲ್ಲ. ಪಕ್ಕದ ಮೇಜಿನ ಗುಮಾಸ್ತ ತಮಾಷೆಯ ದನಿಯಲ್ಲೇ, "ಪಗಾರ ಇದ್ದವರು ನೀವೂ ಇದಕ್ಕ ಬಂದ್ರ ಬಡವರು ಎಲ್ಲಿಗಿ ಹೋಗಬೇಕ್ರಿ ಸರ್" ಎಂದ. ಇದು ದುಡ್ಡಿನ ಪ್ರಶ್ನೆಯಲ್ಲ, ಶಾಲೆಯವರು ಮಂಜೂರಿ ಕೇಳುತ್ತಿದ್ದಾರೆ ಎಂದು ಹೇಳಬಹುದಿತ್ತು. ಹೇಳಲಿಲ್ಲ, ಅವನ ಜೊತೆ ಸೇರಿ ನಕ್ಕುಬಿಟ್ಟೆ. ಬಸ್‌ಸ್ಟ್ಯಾಂಡಿನವರೆಗೂ ಆ ನಗು ಮುಖದ ಮೇಲೆ ಹಾಗೇ ಅಂಟಿಕೊಂಡಿದ್ದಂತೆ ಅನಿಸುತ್ತಿತ್ತು.

ಭತ್ಯೆಗೆ ಮೊದಲು ವೈದ್ಯರ ತಪಾಸಣೆ ಆಗಬೇಕು. ಅದಕ್ಕಾಗಿ ತಾಲೂಕಿನಲ್ಲಿ ಶಿಬಿರ ನಡೆಸುತ್ತಾರೆ. ಬಸವಕಲ್ಯಾಣದ ಶಿಬಿರಕ್ಕೆ ಆಟೋ ಮಾಡಿಕೊಂಡು ಹೋದೆವು. ಕಣ್ಣಿನ ಡಾಕ್ಟರು ಬಂದಿದ್ದರು, ಕಿವಿಯವರು ಬಂದಿದ್ದರು, ಎಲುಬಿನ ಡಾಕ್ಟರು ಮಾತ್ರ ಬಂದಿರಲಿಲ್ಲ. ಮಧ್ಯಾಹ್ನದ ತನಕ ಕೂರಿಸಿಕೊಂಡು, ಮುಂದಿನ ವಾರ ಹುಮನಾಬಾದಿನಲ್ಲಿ ಶಿಬಿರವಿದೆ, ಅಲ್ಲಿಗೆ ಹೋಗಿ ತೋರಿಸಿ ಎಂದು ಕಳಿಸಿದರು.

ಹುಮನಾಬಾದ್ ನಾನು ಹುಟ್ಟಿ ಬೆಳೆದ ಊರು. ನನ್ನ ತಾಯಿ ಅಲ್ಲಿಯೇ ನನ್ನ ತಮ್ಮನ ಮನೆಯಲ್ಲಿದ್ದಾಳೆ. ಹೈವೇಯ ಬದಿಗೆ ತಮ್ಮನದು ಲಾರಿ ಬಿಡಿಭಾಗಗಳ ಅಂಗಡಿ. ಹಬ್ಬಗಳಿಗೆ ನಾವು ಅಲ್ಲಿಗೆ ಹೋಗುತ್ತಿದ್ದೆವು, ಆದರೆ ಯಾವಾಗಲೂ ಹೊತ್ತು ಮುಳುಗಿದ ಮೇಲೆ ಓಣಿಯೊಳಗೆ ಕಾಲಿಡುವಂತೆ ಬಸ್ಸು ಹತ್ತುತ್ತಿದ್ದೆವು. ಇದನ್ನು ಯಾರೂ ಯಾರಿಗೂ ಹೇಳಿರಲಿಲ್ಲ, ಹಾಗೇ ನಡೆದುಕೊಂಡು ಬಂದಿತ್ತು. ತಾಯಿ ಓಣಿಯವರಿಗೆ, ಮೊಮ್ಮಗಳ ಕಾಲಿನಲ್ಲಿ ಬಲ ಸ್ವಲ್ಪ ಕಡಿಮೆ, ಔಷಧ ನಡೆದಿದೆ, ನೆಟ್ಟಗಾಗುತ್ತದೆ ಎಂದು ಹೇಳಿಟ್ಟಿದ್ದಳು. ಯಾರಾದರೂ ಬಂದರೆ ಮಗಳನ್ನು ಒಳಕೋಣೆಗೆ ಕರೆದೊಯ್ದು ಟಿವಿ ಹಚ್ಚಿ ಕೂರಿಸುತ್ತಿದ್ದಳು. ಪ್ರೀತಿಯಿಲ್ಲದೆ ಅಲ್ಲ. ಅದೇ ಕೋಣೆಯಲ್ಲಿ ಅವಳ ಕಾಲು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು, ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ಉಣಿಸುತ್ತಿದ್ದಳು. ಬಾಗಿಲು ಮಾತ್ರ ಮುಚ್ಚಿರುತ್ತಿತ್ತು.

ಶಿಬಿರ ನಮ್ಮ ಓಣಿಯ ಹತ್ತಿರದ ಶಾಲೆಯಲ್ಲೇ ಇದೆ ಎಂದು ಫೋನಿನಲ್ಲಿ ಹೇಳಿದಾಗ ತಾಯಿ ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಕೇಳಿದಳು. ಆಮೇಲೆ, "ಬೀದರಿಗಿ ಹೋದ್ರ ಆಗಂಗಿಲ್ಲೇನಪ್ಪಾ?" ಎಂದಳು. ನನಗೆ ಸಿಟ್ಟು ಬಂತು, ಮಾತು ಬೆಳೆಸದೆ ಫೋನು ಇಟ್ಟೆ. ನಿಜ ಹೇಳಬೇಕೆಂದರೆ ನಾನೂ ಬೀದರಿನ ಬಗ್ಗೆ ವಿಚಾರಿಸಿದ್ದೆ. ಜಿಲ್ಲಾ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ ಎಂದಿದ್ದರು. ಅಷ್ಟು ಕಾಯಬೇಕಿಲ್ಲದಿದ್ದರೆ ನಾನೂ ಅಲ್ಲಿಗೇ ಹೋಗುತ್ತಿದ್ದೆ.

ಆ ದಿನ ಬೆಳಿಗ್ಗೆಯೇ ಮೂವರೂ ಹುಮನಾಬಾದ್ ತಲುಪಿದೆವು. ತಾಯಿ ಚಹಾ ಕೊಟ್ಟಳು, ತಲೆಶೂಲೆ ಎಂದು ಜೊತೆಗೆ ಬರಲಿಲ್ಲ. ಮಗಳಿಗೆ ಹೆಂಡತಿ ದೀಪಾವಳಿಯ ಫ್ರಾಕು ಹಾಕಿದ್ದಳು. ಬೆನ್ನುನೋವಿನಿಂದ ಮಲಗಿದ್ದ ದಿನಗಳಲ್ಲಿ ಅವಳು ಮಗಳಿಗೆ ಒಂದು ಆಟ ಕಲಿಸಿದ್ದಳು. ಮಗಳು ಗೋಡೆ ಹಿಡಿದು ನಿಲ್ಲಬೇಕು, ಗೋಡೆ ಬಿಡಬೇಕು, ತಾಯಿಯ ಹಾಸಿಗೆಯ ತನಕ ನಡೆದು ಬಂದು ಮೇಲೆ ಬೀಳಬೇಕು. ನಾನು ಶಾಲೆಯಲ್ಲಿದ್ದ ಹೊತ್ತಿನಲ್ಲಿ ನಡೆಯುತ್ತಿದ್ದ ಆಟ. ಅದು ಎಲ್ಲಿಯವರೆಗೆ ಬಂದಿತ್ತೋ ನನಗೆ ಗೊತ್ತಿರಲಿಲ್ಲ.

ಆ ಶಾಲೆಯಲ್ಲೇ ನಾನು ಓದಿದ್ದು. ದೊಡ್ಡ ಕೋಣೆಯೊಂದರಲ್ಲಿ ಬೆಂಚುಗಳನ್ನು ಗೋಡೆಗೆ ಸರಿಸಿ ನಡುವೆ ಮೇಜುಗಳನ್ನು ಹಾಕಿದ್ದರು. ಹಳ್ಳಿಗಳಿಂದ ಬಂದವರು ನೆಲದ ಮೇಲೆ ಟವೆಲು ಹಾಸಿ ಕೂತಿದ್ದರು. ಒಬ್ಬ ತಾಯಿ ದೊಡ್ಡ ಹುಡುಗನನ್ನು ಮಡಿಲಲ್ಲಿ ಮಲಗಿಸಿಕೊಂಡಿದ್ದಳು. ಅವನ ಕಾಲುಗಳು ಅವಳ ಮಡಿಲು ಮೀರಿ ನೆಲದ ಮೇಲೆ ಚಾಚಿಕೊಂಡಿದ್ದವು. ಇಸ್ತ್ರಿ ಮಾಡಿದ ಅಂಗಿಯಲ್ಲಿ ನನ್ನನ್ನು ಕಂಡ ಮುದುಕನೊಬ್ಬ, ಸಿಬ್ಬಂದಿ ಎಂದು ತಿಳಿದು ಎದ್ದು ಕೈಮುಗಿದು, ತನ್ನ ಮೊಮ್ಮಗನ ಪಾಳಿ ಯಾವಾಗ ಎಂದು ಕೇಳಿದ. ನಾನೂ ನಿಮ್ಮ ಹಾಗೇ ಬಂದವನು ಎಂದು ಹೇಳಲು ನಾಲಿಗೆ ತಡವರಿಸಿತು. ವಿಚಾರಿಸಿ ಹೇಳುತ್ತೇನೆ ಎಂದುಬಿಟ್ಟೆ. ಆಮೇಲೆ ಮಗಳನ್ನು ಕರೆದುಕೊಂಡು ಸಾಲಿನಲ್ಲಿ ಕೂತಾಗ ಅವನು ನನ್ನನ್ನೇ ನೋಡುತ್ತಿದ್ದ.

ನಮ್ಮ ಪಾಳಿ ಬಂತು. ಮೇಜಿನ ಹಿಂದೆ ಕಿರಿವಯಸ್ಸಿನ ಡಾಕ್ಟರು ಕೂತಿದ್ದರು. ಅವರ ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದವನು ತಲೆ ಎತ್ತಿದ. ಹತ್ತನೇ ತರಗತಿಯ ತನಕ ನನ್ನ ಜೊತೆ ಓದಿದವನು. ಈಗ ಇದೇ ತಾಲೂಕಿನಲ್ಲಿ ವಿಶೇಷ ಮಕ್ಕಳ ವಿಷಯ ನೋಡಿಕೊಳ್ಳುವ ಶಿಕ್ಷಕ ಎಂದು ಕೇಳಿದ್ದೆ, ಅಲ್ಲಿರುತ್ತಾನೆ ಎಂದು ಹೊಳೆದಿರಲಿಲ್ಲ. ಅವನಿಗೆ ನಿಜಕ್ಕೂ ಸಂತೋಷವಾಯಿತು. ಎದ್ದು ಬಂದು ಕೈಹಿಡಿದ. "ಡಾಕ್ಟರ್ ಸಾಬ್, ಇವ ನಮ್ಮ ಕ್ಲಾಸಿಗೇ ಫಸ್ಟ್ ಬರ್ತಿದ್ದ. ಭಾಳ ಶಾಣ್ಯಾ" ಎಂದ. ಡಾಕ್ಟರು ನನ್ನನ್ನು ನೋಡಿದರು, ಆಮೇಲೆ ನನ್ನ ಮಗಳನ್ನು ನೋಡಿದರು. ಹಿಂದೆ ಕೂತಿದ್ದವರೂ ಹಾಗೇ ನೋಡಿದರು. ಅವರಲ್ಲಿ ತಾಯಿಯ ಓಣಿಯ ಇಬ್ಬರು ಹೆಂಗಸರಿದ್ದರು.

ಡಾಕ್ಟರು ಕೆಟ್ಟವರಲ್ಲ. ಬೆಳಗಿನಿಂದ ಒಂದೇ ಸಮನೆ ನೋಡಿ ದಣಿದಿದ್ದರು, ಆದರೂ ಮಗಳ ಕೈಯನ್ನು ಮೆಲ್ಲಗೆ ಬಿಡಿಸಿ ನೋಡಿದರು, ಕಾಲು ಮಡಿಸಿದರು. "ನಡೀತೀಯೇನವ್ವ ನೀನು?" ಎಂದು ಕೇಳಿದರು.

ನಾವು ಬಾಯಿ ತೆರೆಯುವ ಮೊದಲೇ ಮಗಳು ತಾಯಿಯ ಕೈ ಬಿಡಿಸಿಕೊಂಡು ಗೋಡೆಯ ಬದಿಯ ಬೆಂಚಿಗೆ ಹೋಗಿ ನಿಂತಳು. ಬೆಂಚು ಬಿಟ್ಟಳು. ಬಲಗಾಲನ್ನು ಅರ್ಧ ಸುತ್ತಿಗೆ ಬೀಸಿ ಇಡುತ್ತ, ಎಡಗೈಯನ್ನು ಗಾಳಿಯಲ್ಲಿ ಚಾಚಿ, ನಾಲಿಗೆ ಕಚ್ಚಿಕೊಂಡು, ಯಾರ ಆಸರೆಯೂ ಇಲ್ಲದೆ ಮೇಜಿನ ತನಕ ನಡೆದು ಬಂದಳು. ಬಂದು ಮೇಜು ಹಿಡಿದುಕೊಂಡು ನಕ್ಕಳು. ಕೋಣೆಯಲ್ಲಿ ಯಾರೋ ಶಹಬ್ಬಾಸ್ ಎಂದರು. ಪಾಳಿ ಯಾವಾಗ ಎಂದು ನನ್ನನ್ನು ಕೇಳಿದ್ದ ಮುದುಕ ಚಪ್ಪಾಳೆ ತಟ್ಟಿದ. ಹೆಂಡತಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಅಷ್ಟು ಜನ ಅಪರಿಚಿತರಿಗೆ ಖುಷಿಯಾದ ಆ ಗಳಿಗೆಯಲ್ಲಿ ನನಗೆ ಮೊದಲು ಬಂದ ಯೋಚನೆ, ಇವಳು ಇವತ್ತೇ ಯಾಕೆ ನಡೆದಳು ಎಂಬುದು. ನಾಳೆ ನಡೆಯಬಹುದಿತ್ತು, ಮನೆಯಲ್ಲಿ ನಡೆಯಬಹುದಿತ್ತು. ಮಗಳು ನಗುತ್ತ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ನಗಲು ತಡಮಾಡಿದೆ. ಅವಳು ಅದನ್ನು ಗಮನಿಸಿದಳು ಎಂದೇ ನನ್ನ ನಂಬಿಕೆ.

ನಾನು ಹೆದರಿದ್ದೇ ಆಯಿತು. ಗೆಳೆಯ ಪೆನ್ನು ಕೆಳಗಿಟ್ಟು, "ನಡೀಲಾಕತ್ತಾಳಲ್ಲೋ" ಎಂದ. ಕಾಲಿನ ತೊಂದರೆಗೆ ಪ್ರಮಾಣಪತ್ರ ಖಂಡಿತ ಸಿಗುತ್ತದೆ, ಆದರೆ ದಿನವಿಡೀ ಜೊತೆಗೊಬ್ಬರು ಬೇಕು ಎಂದು ಬರೆಯಬೇಕಾದರೆ ಮಗುವಿಗೆ ತನ್ನ ಕೆಲಸ ತಾನು ಮಾಡಿಕೊಳ್ಳಲು ಆಗುವುದಿಲ್ಲ ಎಂದು ಡಾಕ್ಟರಿಗೆ ಮನವರಿಕೆಯಾಗಬೇಕು ಎಂದ. ಏನೇನು ಆಗುವುದಿಲ್ಲ ಎಂದು ಡಾಕ್ಟರು ಕೇಳಿದರು.

ನಾನು ಬಾಗಿ ಮೆಲುದನಿಯಲ್ಲಿ ಹೇಳಲು ಹೋದೆ. ಪಕ್ಕದ ಮೇಜಿನಲ್ಲಿ ಕಿವಿ ಪರೀಕ್ಷೆಗೆಂದು ತಟ್ಟೆ ಬಾರಿಸುತ್ತಿದ್ದರು. ಡಾಕ್ಟರು ಕಿವಿಗೆ ಕೈ ಹಚ್ಚಿ, "ಸ್ವಲ್ಪ ಜೋರಾಗಿ ಹೇಳ್ರಿ" ಎಂದರು.

ನಾನು ಮಾಸ್ತರ. ಹಿಂದಿನ ಬೆಂಚಿಗೆ ಕೇಳುವಂತೆ ಮಾತಾಡುವುದು ನನಗೆ ರೂಢಿ. ಗಂಟಲಿನಿಂದ ಅದೇ ದನಿ ಹೊರಬಿತ್ತು. ಇವಳಿಗೆ ಮೂತ್ರದ ಮೇಲೆ ಹಿಡಿತವಿಲ್ಲ, ಶಾಲೆಯಲ್ಲಿ ಬಟ್ಟೆ ಒದ್ದೆಯಾಗುತ್ತದೆ, ತಾನಾಗಿ ಚಡ್ಡಿ ಬಿಚ್ಚಲು ಹಾಕಲು ಬರುವುದಿಲ್ಲ, ತೊಳೆದುಕೊಳ್ಳಲು ಬರುವುದಿಲ್ಲ ಎಂದು ಹೇಳತೊಡಗಿದೆ. ಅಷ್ಟರಲ್ಲಿ ತಟ್ಟೆಯ ಸದ್ದು ನಿಂತಿತ್ತು. ಕೋಣೆಯ ತುಂಬ ನನ್ನ ದನಿಯೊಂದೇ ಇತ್ತು.

ಆಗ ಒಂದು ಕೈ ಬಂದು ನನ್ನ ಬಾಯಿ ಮುಚ್ಚಿತು. ಮಗಳು ಮೇಜು ಬಿಟ್ಟು, ನನ್ನ ಅಂಗಿಗೆ ಮೈಯಾನಿಸಿ, ತನ್ನ ಚೆನ್ನಾಗಿರುವ ಎಡಗೈಯನ್ನು ನನ್ನ ತುಟಿಯ ಮೇಲೆ ಒತ್ತಿ ಹಿಡಿದಿದ್ದಳು. ಅವಳ ಮುಖ ಕೆಂಪಾಗಿತ್ತು. ತಾನು ಒದ್ದೆಯಾಗುವುದು ಅವಳಿಗೆ ಅರಿವಾಗುವುದಿಲ್ಲ ಎಂದು ನಾನು ಅಷ್ಟು ವರ್ಷ ಅಂದುಕೊಂಡಿದ್ದೆ. ಅರಿವೂ ಇತ್ತು, ನಾಚಿಕೆಯೂ ಇತ್ತು. ಯಾರ ಮುಂದೆ ಹೇಳಬಾರದು ಎಂಬುದೂ ಗೊತ್ತಿತ್ತು.

ನಾನು ಆ ಕೈಯನ್ನು ಮೆಲ್ಲಗೆ ಸರಿಸಿ ಉಳಿದ ಮಾತು ಮುಗಿಸಿದೆ. ಆ ಮಧ್ಯಾಹ್ನದಲ್ಲಿ ನನಗೆ ಮರೆಯಲಾಗದ್ದು ಇದೊಂದೇ. ಗೆಳೆಯ ಪೆನ್ನು ಹಿಡಿದು ಕಾಯುತ್ತಿದ್ದ, ಅರ್ಧಕ್ಕೆ ನಿಂತರೆ ಮಂಜೂರಿ ತಪ್ಪಬಹುದು ಎಂದು ನನಗೆ ಅನಿಸಿತ್ತು.

ತಿರುಗಿ ನೋಡಿದರೆ ಬಾಗಿಲಲ್ಲಿ ನನ್ನ ತಾಯಿ ನಿಂತಿದ್ದಳು. ಮಧ್ಯಾಹ್ನವಾಯಿತೆಂದು ಬುತ್ತಿ ಕಟ್ಟಿಕೊಂಡು ಬಂದಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಓಣಿಯ ಆ ಇಬ್ಬರು ಹೆಂಗಸರು ಅವಳನ್ನು ನೋಡುತ್ತಿದ್ದರು. ಅವಳು ನೆಲದಲ್ಲಿ ಕೂತವರ ನಡುವೆ ದಾರಿ ಮಾಡಿಕೊಂಡು ನೇರ ಮೇಜಿನ ಹತ್ತಿರ ಬಂದಳು. ಬುತ್ತಿಯನ್ನು ನನ್ನ ಕೈಗಿಟ್ಟಳು. ಮಗಳ ಹೆಗಲ ಮೇಲೆ ಕೈಯಿಟ್ಟು, "ನಡಿ ಅವ್ವಾ, ಹೊರಗ ಗಾಳಿಗಿ ಕೂಡೋಣು" ಎಂದಳು. ಎರಡು ಹೆಜ್ಜೆ ಹೋಗಿ ನನ್ನ ಕಡೆ ತಿರುಗಿದಳು.

"ಅಷ್ಟು ಜೋರಾಗಿ ಹೇಳಬೇಕಾಗಿತ್ತೇನೋ? ಹೆಣ್ಣುಮಗಳು ಅದಾಳ. ಆಕಿಗೂ ಇಜ್ಜತ್ ಅದ."

ಇಷ್ಟು ವರ್ಷ ಒಳಕೋಣೆಯ ಬಾಗಿಲು ಮುಚ್ಚಿದವಳು ನೀನಲ್ಲವೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ, ಕೇಳುವ ಮುಖವೂ ನನಗಿರಲಿಲ್ಲ. ಅವಳು ಮಾನ ಉಳಿಸಲೆಂದು ಮಗುವನ್ನು ಮರೆಮಾಡಿದ್ದಳು, ನಾನು ಹಕ್ಕು ಕೇಳಲೆಂದು ಮಗುವನ್ನು ಬೆತ್ತಲೆ ನಿಲ್ಲಿಸಿದ್ದೆ. ಡಾಕ್ಟರು ತಲೆ ತಗ್ಗಿಸಿ ಬರೆದರು. ಗೆಳೆಯ ನನ್ನ ಕಡೆ ನೋಡದೆ ಕಾಗದದ ಮೇಲೆ ಮೊಹರು ಒತ್ತಿದ. ನಾವು ಕೇಳಿಕೊಂಡು ಬಂದದ್ದು ಸಿಕ್ಕಿತು.

ಹೊರಗೆ ಬೇವಿನ ಗಿಡದ ನೆರಳಿನಲ್ಲಿ ನಾಲ್ವರೂ ಉಂಡೆವು. ಮಗಳು ಅಜ್ಜಿಯ ಕೈಯಿಂದ ಉಂಡಳು. ನಾನು ಕೊಟ್ಟ ತುತ್ತಿಗೆ ಬಾಯಿ ತೆರೆಯಲಿಲ್ಲ.

ತಮ್ಮನ ಮನೆಗೆ ಮರಳುವಾಗ ಹೊತ್ತು ಇನ್ನೂ ಇಳಿದಿರಲಿಲ್ಲ. ಓಣಿಯ ಕಟ್ಟೆಗಳ ಮೇಲೆ ಜನ ಕೂತಿದ್ದರು. ರಿಕ್ಷಾ ಮಾಡೋಣ ಎಂದೆ. ಬೇಡ ಎಂದಳು ತಾಯಿ. ಮಗಳ ಎಡಗೈ ಹಿಡಿದು ಓಣಿಯ ನಡುವೆಯೇ ನಡೆಸಿಕೊಂಡು ಹೊರಟಳು. ಮಗಳ ನಡಿಗೆಗೆ ತಕ್ಕಂತೆ ನಿಂತು ನಿಂತು ಹೋದೆವು. ನಾನು ಚಿಕ್ಕವನಿದ್ದಾಗ ಬಟ್ಟೆ ಹೊಲಿಸುತ್ತಿದ್ದ ದರ್ಜಿಯ ಹೆಂಡತಿ, ಅವಳೂ ಈಗ ಮುದುಕಿ, ಬಾಗಿಲಿಗೆ ಬಂದು, "ಯಾರಿದು ಖೂಬಸೂರತ್ ಹುಡುಗಿ?" ಎಂದು ಕೇಳಿದಳು. ತಾಯಿ ನಿಂತಳು.

"ನನ್ನ ಮೊಮ್ಮಗಳು, ದೊಡ್ಡ ಮಗನ ಮಗಳು. ಹುಟ್ಟಿದಾಗಿಂದ ಕಾಲು ಹಿಂಗೇ ಅದ. ಮುಂದೂ ಹಿಂಗೇ ಇರ್ತದ. ಇವತ್ತ ಒಬ್ಬಾಕಿನೇ ನಡದಾಳ."

ಮುದುಕಿ ಒಳಗೆ ಹೋಗಿ ಒಂದು ಹಿಡಿ ಒಣ ಖರ್ಜೂರ ತಂದು ಮಗಳ ಫ್ರಾಕಿನ ಜೇಬಿಗೆ ಹಾಕಿದಳು. ಬೇರೆ ಏನೂ ಆಗಲಿಲ್ಲ. ಇಷ್ಟಕ್ಕಾಗಿ ನಾವೆಲ್ಲ ಅಷ್ಟು ವರ್ಷ ಕತ್ತಲಾಗುವುದನ್ನು ಕಾಯುತ್ತಿದ್ದೆವೇ ಎನಿಸಿತು.

ಮಂಜೂರಿ ಬಂದ ಮೇಲೆ ಜೊತೆಗಿರುವವರು ಯಾರು ಎಂಬ ಪ್ರಶ್ನೆ ಬಂತು. ಬಸವಕಲ್ಯಾಣದ ನಮ್ಮ ಓಣಿಯಲ್ಲಿ ನಾನು ನೋಡಿಟ್ಟಿದ್ದ ಹೆಂಗಸು ಅಷ್ಟರಲ್ಲಿ ಕೊಹಿನೂರು ಊರಿನ ತನ್ನ ಮಗಳ ಮನೆಗೆ ಹೋಗಿಬಿಟ್ಟಿದ್ದಳು. ತಾಯಿಗೆ ಫೋನಿನಲ್ಲಿ ಇದನ್ನು ಹೇಳಿದ್ದು ನನ್ನ ಹೆಂಡತಿ. ಎರಡು ದಿನದಲ್ಲಿ ತಾಯಿ ಚೀಲ ಹಿಡಿದು ಬಸವಕಲ್ಯಾಣದಲ್ಲಿ ಬಸ್ಸಿನಿಂದ ಇಳಿದಳು. ತಮ್ಮನ ಹೆಂಡತಿಗೆ ಏನು ಹೇಳಿ ಬಂದಳೋ ಗೊತ್ತಿಲ್ಲ. ನನಗೆ ಹೇಳಿದ್ದು ಇಷ್ಟೇ: "ನಾ ಕೂಡ್ತೀನಿ ಆಕಿ ಬಾಜೂಕ. ನೀ ನಿನ್ನ ಸಾಲಿಗಿ ಹೋಗು."

ಶಾಲೆಯಲ್ಲಿ ಮೊದಮೊದಲು ಮುಖ್ಯೋಪಾಧ್ಯಾಯಿನಿಗೆ ಮುದುಕಿಯಿಂದ ಇದೆಲ್ಲ ಆದೀತೇ ಎಂಬ ಅನುಮಾನವಿತ್ತು. ಆಯಿತು. ತಾಯಿ ವರಾಂಡದಲ್ಲಿ ಕೂತು ಅಡುಗೆಯವರ ಜೊತೆ ಅಕ್ಕಿ ಆರಿಸುತ್ತಿದ್ದಳು. ಮಗಳಿಗೆ ಹೊರಗೆ ಹೋಗಬೇಕೆನಿಸಿದರೆ ಅವರಿಬ್ಬರಲ್ಲಿ ಒಂದು ಸನ್ನೆ ಇದೆಯಂತೆ. ಅಜ್ಜಿ ಕಿಟಕಿಯ ಹತ್ತಿರ ಬಂದು, ಔಷಧದ ಹೊತ್ತಾಯಿತು ಎಂದು ಕರೆಯುತ್ತಾಳೆ, ಮಗಳು ಎದ್ದು ಹೋಗುತ್ತಾಳೆ, ತರಗತಿಯಲ್ಲಿ ಯಾರಿಗೂ ಏನೂ ತಿಳಿಯುವುದಿಲ್ಲ. ಸನ್ನೆ ಏನೆಂದು ನಾನು ಕೇಳಿದೆ. ಇಬ್ಬರೂ ಹೇಳಲಿಲ್ಲ. ಬಟ್ಟೆ ಒದ್ದೆಯಾಗುವುದು ಬಹಳ ಕಡಿಮೆಯಾಯಿತು. ಭತ್ಯೆಯ ಹಣ ಆ ವರ್ಷದ ಪರೀಕ್ಷೆಗಳೆಲ್ಲ ಮುಗಿಯುತ್ತ ಬಂದಾಗ ಕೈಸೇರಿತು.

ಮಂಜೂರಿಯನ್ನು ಮುಂದುವರಿಸಲು ಮರುವರ್ಷ ಬಸವಕಲ್ಯಾಣದಲ್ಲಿ ಮತ್ತೆ ತಪಾಸಣೆಯಾಯಿತು. ಈ ಸಲ ಮೇಜಿನ ಹಿಂದೆ ಒಬ್ಬರು ಲೇಡಿ ಡಾಕ್ಟರಿದ್ದರು. ಮಗಳನ್ನು ಅಜ್ಜಿಯ ಜೊತೆ ಹೊರಗೇ ಬಿಟ್ಟು ಒಳಗೆ ಹೋದೆ. ಮೇಡಂ, ಕೆಲವು ಮಾತು ಬಾಗಿಲು ಹಾಕಿ ಹೇಳಬೇಕು ಎಂದೆ. ಅವರು ಕೂಡಲೇ ಎದ್ದು ಪಕ್ಕದ ಕೋಣೆಗೆ ಕರೆದೊಯ್ದರು. ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ, ಎಲ್ಲ ಮುಗಿಯಿತು. ಹುಮನಾಬಾದಿನಲ್ಲೂ ಹೀಗೆ ಕೇಳಿದ್ದರೆ ಆ ಡಾಕ್ಟರು ಇಲ್ಲವೆನ್ನುತ್ತಿರಲಿಲ್ಲ. ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ಈಗ ಮಗಳು ಐದನೆಯ ತರಗತಿ. ಗೆಳತಿಯರಿದ್ದಾರೆ, ಅವರಲ್ಲಿ ಒಬ್ಬಳ ಜೊತೆ ಟೂ ಬಿಟ್ಟಿದ್ದಾಳೆ. ಕಳೆದ ತಿಂಗಳು ನನಗೆ ರಜೆ ಸಿಕ್ಕ ದಿನ, ಹೇಳದೆ ಅವಳ ಶಾಲೆಗೆ ಹೋದೆ. ಕಿಟಕಿಯಿಂದ ಇಣುಕಿದೆ. ನಡುವಿನ ಸಾಲಿನಲ್ಲಿ ಕೂತು ಪಕ್ಕದವಳ ನೋಟುಬುಕ್ಕಿನಲ್ಲಿ ಏನನ್ನೋ ತೋರಿಸಿ ನಗುತ್ತಿದ್ದವಳು ನನ್ನನ್ನು ಕಂಡು ನಗು ನಿಲ್ಲಿಸಿದಳು, ತಲೆ ತಗ್ಗಿಸಿದಳು. ನಾನು ಹಿಂದೆ ಸರಿದೆ. ಸಂಜೆ ಮನೆಗೆ ಬಂದ ಮೇಲೆ, ಚೀಲ ಇಳಿಸುವ ಮೊದಲೇ ನನ್ನೆದುರು ಬಂದು ನಿಂತಳು. ಒಂದೊಂದೇ ಪದವನ್ನು ನೆಟ್ಟಗೆ ಮಾಡಿ ಹೇಳಿದಳು.

"ಪಪ್ಪಾ, ಸಾಲಿಗಿ ನೀ ಬರಬ್ಯಾಡ."

"ಯಾಕವ್ವಾ?"

"ನೀ ಎಲ್ಲಾರಿಗಿ ಹೇಳ್ತಿ."

ಇನ್ನು ಹೇಳುವುದಿಲ್ಲ ಎಂದೆ. ಅವಳು ನಂಬಿದ ಹಾಗೆ ಕಾಣಲಿಲ್ಲ, ಅಜ್ಜಿಯ ಹತ್ತಿರ ಹೋಗಿ ಕೂತಳು. ಆಮೇಲೆ ನಾನು ಆ ಶಾಲೆಯ ಒಳಗೆ ಕಾಲಿಟ್ಟಿಲ್ಲ. ಪಾಲಕರ ಸಭೆಗೆ ತಾಯಿಯೇ ಹೋಗಿ ಬರುತ್ತಾಳೆ, ಬಂದು ಏನೇನಾಯಿತೆಂದು ನನ್ನ ಹೆಂಡತಿಗೆ ಹೇಳುತ್ತಾಳೆ. ನಾನು ಪಕ್ಕದಲ್ಲಿ ಪತ್ರಿಕೆ ಹಿಡಿದು ಕೂತು ಕೇಳಿಸಿಕೊಳ್ಳುತ್ತೇನೆ.